ಎರಡು ರಾತ್ರಿಗೆ ದಕ್ಷಿಣದ ಯಾವ ಊರು? ನ್ಯೂ ಆರ್ಲಿಯನ್ಸ್, ನ್ಯಾಶ್‌ವಿಲ್, ಸವಾನ್ನಾ, ಚಾರ್ಲ್‌ಸ್ಟನ್: ಒಂದು ಹೋಲಿಕೆ

ಶುಕ್ರವಾರ ಕಚೇರಿ ಮುಗಿಸಿ ಹೊರಟು ಭಾನುವಾರ ರಾತ್ರಿಗೆ ಮನೆ ಸೇರಬೇಕು. ನಡುವೆ ಹಾಡು, ಊಟ, ಓಡಾಟ ಎಲ್ಲವೂ ಸಿಗುವ ಗಿಜಿಗುಡುವ ಊರೊಂದು ಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇಂಥ ಊರುಗಳು ಒಂದೆರಡಲ್ಲ, ಗೊಂದಲ ಹುಟ್ಟುವುದೇ ಅಲ್ಲಿ. ಅಟ್ಲಾಂಟಾ, ಶಾರ್ಲಟ್, ಹ್ಯೂಸ್ಟನ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಮೇ ಕೊನೆಯ ಮೆಮೋರಿಯಲ್ ಡೇ, ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಗಳು ಹತ್ತಿರವಾದಂತೆ ಚರ್ಚೆ ಶುರುವಾಗುತ್ತದೆ. ಗಂಡನಿಗೆ ನ್ಯೂ ಆರ್ಲಿಯನ್ಸ್ ಆಗಬೇಕು, ಹೆಂಡತಿಗೆ ಚಾರ್ಲ್‌ಸ್ಟನ್, ಕಾಲೇಜಿಗೆ ಹೋಗುವ ಮಗಳಿಗೆ ನ್ಯಾಶ್‌ವಿಲ್. ಊರಿನಿಂದ ಬಂದಿರುವ ಅಪ್ಪ, ಅಮ್ಮನಿಗೆ ಹೆಚ್ಚು ನಡೆಸದಿದ್ದರೆ ಎಲ್ಲಿಯಾದರೂ ಸರಿ. ಕೊನೆಗೆ ಯಾರೋ ಬರೆದ ‘ನೋಡಲೇಬೇಕಾದ ಜಾಗ’ಗಳ ಪಟ್ಟಿ ಹಿಡಿದು ಹೊರಟು, ಇರುವ ಎರಡು ದಿನದಲ್ಲಿ ಅರ್ಧ ಹೊತ್ತನ್ನು ಪಾರ್ಕಿಂಗ್ ಹುಡುಕುವುದರಲ್ಲೇ ಕಳೆದು ಬರುವವರು ಬಹಳ ಮಂದಿ.

ಊರುಗಳ ಮಾತಿಗೆ ಮೊದಲು ಅಳತೆಗೋಲುಗಳ ಮಾತು.

ನನ್ನ ಪಟ್ಟಿಯಲ್ಲಿ ಮೊದಲನೆಯದು ಕಾರಿನ ಕೀಲಿ. ಶುಕ್ರವಾರ ರಾತ್ರಿ ಹೋಟೆಲಿನಲ್ಲಿ ಇಳಿದ ಮೇಲೆ ಭಾನುವಾರದವರೆಗೆ ಕಾರು ಮುಟ್ಟದೆ ಊರನ್ನು ಅನುಭವಿಸಲು ಸಾಧ್ಯವೇ? ವಾರವಿಡೀ ಹೆದ್ದಾರಿಯಲ್ಲಿ ಕಳೆಯುವವರಿಗೆ ರಜೆಯೆಂದರೆ ನಡಿಗೆ. ಅಮೆರಿಕದಲ್ಲಿ ನಡೆದೇ ನೋಡಬಹುದಾದ ಊರುಗಳು ಕಡಿಮೆ, ದಕ್ಷಿಣದಲ್ಲಿ ಇನ್ನೂ ಕಡಿಮೆ. ಮೇಲೆ ಹೇಳಿದ ನಾಲ್ಕು ಊರುಗಳನ್ನು ನಾನು ಆರಿಸಿಕೊಂಡಿರುವುದಕ್ಕೆ ಮುಖ್ಯ ಕಾರಣವೇ ಇದು. ನಾಲ್ಕರ ನಡುವೆಯೂ ಈ ವಿಷಯದಲ್ಲಿ ವ್ಯತ್ಯಾಸವಿದೆ.

ಎರಡನೆಯದು, ಊರು ಯಾವ ಹೊತ್ತಿನಲ್ಲಿ ಚೆನ್ನ ಎಂಬುದು. ಕೆಲವು ಊರುಗಳು ರಾತ್ರಿ ಒಂಬತ್ತರ ನಂತರ ಕಣ್ಣು ಬಿಡುತ್ತವೆ, ಕೆಲವು ಬೆಳಗಿನ ಹೊತ್ತು ಚಂದ. ಆರು ವರ್ಷದ ಮಗುವನ್ನು ಕರೆದುಕೊಂಡು ರಾತ್ರಿಯ ಊರಿಗೆ ಹೋದರೆ ಎಂಟು ಗಂಟೆಗೆ ಹೋಟೆಲಿನ ಕೋಣೆ ಸೇರಿ, ಕೆಳಗಿನ ಬೀದಿಯ ಡ್ರಮ್ಮಿನ ಸದ್ದಿಗೆ ಮಗು ಮಲಗದೆ ಒದ್ದಾಡಬೇಕಾಗುತ್ತದೆ.

ಮೂರನೆಯದು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲೆಲ್ಲ ಸೆಖೆ, ಬೆವರು. ಕರಾವಳಿಯವರಿಗೆ ಅದೇನು ಹೊಸದಲ್ಲ, ಆದರೆ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಅಡ್ಡಾಡುವ ಯೋಜನೆಯನ್ನಂತೂ ಕೈಬಿಡಬೇಕು. ಚಂಡಮಾರುತದ ಕಾಲ ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ. ಮಾರ್ಚ್, ಏಪ್ರಿಲ್, ಅಕ್ಟೋಬರ್, ನವೆಂಬರ್ ಒಳ್ಳೆಯ ತಿಂಗಳುಗಳು. ಬಾಡಿಗೆ ಏರುವುದೂ ಆಗಲೇ.

ನಂತರ ಊಟ. ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು. ದಕ್ಷಿಣದ ಅಡುಗೆಯಲ್ಲಿ ಸೊಪ್ಪಿದೆ, ಬೆಂಡೆಕಾಯಿ ಇದೆ, ರಾಜ್ಮಾದಂಥ ಕೆಂಪು ಕಾಳಿದೆ, ಅನ್ನವಿದೆ. ಮೆನುವಿನಲ್ಲಿ ಓದಿದರೆ ಮನೆಯ ಊಟವೇ ಅನ್ನಿಸುತ್ತದೆ. ಆದರೆ ಕಾಲರ್ಡ್ ಸೊಪ್ಪನ್ನು ಹಂದಿಯ ಮೂಳೆಯ ಜೊತೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಕಾಳಿನಲ್ಲಿ ಸಾಸೇಜ್ ಇರುತ್ತದೆ, ಬಿಸ್ಕಿಟ್ ಎಂದು ಇಲ್ಲಿ ಕರೆಯುವ ಮೆತ್ತನೆಯ ಬನ್ನಿನ ಹಿಟ್ಟಿಗೆ ಪ್ರಾಣಿಕೊಬ್ಬು ಬಿದ್ದಿರಬಹುದು. ‘ಮಾಂಸ ಇದೆಯೇ’ ಎಂದು ಕೇಳಿದರೆ ಸಾಲದು, ಯಾವ ಸಾರಿನಲ್ಲಿ ಬೇಯಿಸಿದ್ದೀರಿ ಎಂದು ಕೇಳಬೇಕು.

ಐದನೆಯದು ಹಣ. ಇಲ್ಲಿ ದೊಡ್ಡ ಖರ್ಚು ಊಟವೂ ಅಲ್ಲ, ಟಿಕೆಟ್ಟೂ ಅಲ್ಲ. ಶುಕ್ರವಾರ ಮತ್ತು ಶನಿವಾರದ ಹೋಟೆಲ್ ಬಾಡಿಗೆ. ಅದಕ್ಕೆ ತೆರಿಗೆ, ಪಾರ್ಕಿಂಗ್, ಕೆಲವು ಕಡೆ ‘ಡೆಸ್ಟಿನೇಷನ್ ಶುಲ್ಕ’ ಎಂಬ ಹೆಸರಿನಲ್ಲಿ ಇನ್ನೊಂದಿಷ್ಟು ಸೇರುತ್ತದೆ. ಹೋಲಿಸುವಾಗ ಕೊನೆಯ ಮೊತ್ತವನ್ನೇ ಹೋಲಿಸಬೇಕು.

ಕೊನೆಯದನ್ನು ಹೆಚ್ಚಿನವರು ಪಟ್ಟಿಯಲ್ಲಿ ಸೇರಿಸುವುದಿಲ್ಲ, ನನಗೆ ಅದನ್ನು ಬಿಡಲು ಮನಸ್ಸಿಲ್ಲ. ಈ ಊರುಗಳ ಸುಂದರವಾದ ಮನೆಗಳು, ಚೌಕಗಳು, ಬಂದರುಗಳು ಗುಲಾಮರ ದುಡಿಮೆಯಿಂದ ಎದ್ದವು. ಇಲ್ಲಿಯ ಸಂಗೀತ, ಅಡುಗೆ ಎರಡಕ್ಕೂ ಮೂಲ ಆ ಜನರೇ. ಅದನ್ನು ಮುಚ್ಚಿಡದೆ ನೇರವಾಗಿ ತೋರಿಸುವ ಒಂದು ಜಾಗವಾದರೂ ವಾರಾಂತ್ಯದಲ್ಲಿ ಇರಲಿ ಎಂಬುದು ನನ್ನ ಆಗ್ರಹ. ಮಕ್ಕಳಿದ್ದರೆ ಇನ್ನೂ ಹೆಚ್ಚು.

ನ್ಯೂ ಆರ್ಲಿಯನ್ಸ್: ಕಿವಿ ತೆರೆದು ಹೋಗಬೇಕಾದ ಊರು

ಸಂಗೀತಕ್ಕಾಗಿಯೇ ಹೋಗುವುದಾದರೆ ನನ್ನ ಉತ್ತರ ಇದೊಂದೇ. ಫ್ರೆಂಚರು 1718ರಲ್ಲಿ ಕಟ್ಟಿದ, ನಂತರ ಸ್ಪೇನಿನವರ ಕೈಗೆ ಹೋದ, 1803ರಲ್ಲಿ ಅಮೆರಿಕ ಕೊಂಡುಕೊಂಡ ಊರು. ಫ್ರೆಂಚ್ ಕ್ವಾರ್ಟರ್ ಎಂದು ಹೆಸರಿದ್ದರೂ 1788 ಮತ್ತು 1794ರ ಬೆಂಕಿಯಲ್ಲಿ ಹಳೆಯದು ಬಹುಪಾಲು ಸುಟ್ಟುಹೋಗಿ, ಸ್ಪ್ಯಾನಿಷ್ ಆಡಳಿತದಲ್ಲಿ ಮತ್ತೆ ಎದ್ದಿತು. ಒಳಗೆ ಅಂಗಳವಿಟ್ಟು ದಪ್ಪ ಗೋಡೆ ಎಬ್ಬಿಸಿದ ಮನೆಗಳು ಆ ಕಾಲದ ಗುರುತು.

ಕಾರಿಲ್ಲದೆ ಓಡಾಡುವ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ಕ್ವಾರ್ಟರ್ ಸಮತಟ್ಟಾಗಿದೆ, ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ದೂರ ಹೋಗಲು ಸ್ಟ್ರೀಟ್‌ಕಾರ್, ಅಂದರೆ ಬೀದಿಯ ಹಳಿಗಳ ಮೇಲೆ ಓಡುವ ಟ್ರಾಮ್ ಇದೆ. ಸೇಂಟ್ ಚಾರ್ಲ್ಸ್ ಮಾರ್ಗದಲ್ಲಿ 1835ರಿಂದ ಸೇವೆ ನಡೆದಿದೆ. ಈಗ ಓಡುವ ಕಡುಹಸಿರು ಬಣ್ಣದ ಗಾಡಿಗಳು 1920ರ ದಶಕದವು. ಮರದ ಆಸನ, ಕೈಯಿಂದ ಎತ್ತುವ ಕಿಟಕಿ. ಗಾಡಿ ಕೊನೆಯ ನಿಲ್ದಾಣ ತಲುಪಿದಾಗ ಆಸನಗಳ ಬೆನ್ನನ್ನು ಒಂದೊಂದಾಗಿ ಧಡ್ ಧಡ್ ಎಂದು ಹಿಂದುಮುಂದಾಗಿ ಮಗುಚಲಾಗುತ್ತದೆ, ಗಾಡಿ ತಿರುಗುವುದಿಲ್ಲ, ಕೂರುವ ದಿಕ್ಕು ತಿರುಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಲೇಬೇಕು. ಟಿಕೆಟ್ ಒಂದೂಕಾಲು ಡಾಲರ್. ಹಬ್ಬ ಮುಗಿದು ತಿಂಗಳುಗಳಾದರೂ ಮರದ ಕೊಂಬೆಗಳಲ್ಲಿ ಮಾರ್ಡಿ ಗ್ರಾದ ಮಣಿಸರಗಳು ನೇತಾಡುತ್ತಿರುತ್ತವೆ. ಆದರೆ ಈ ಹಳೆಯ ಗಾಡಿಗಳಿಗೆ ಮೆಟ್ಟಿಲು ಹತ್ತಬೇಕು, ಎಸಿ ಇಲ್ಲ. ಗಾಲಿಕುರ್ಚಿ ಬಳಸುವವರು ಕೆನಾಲ್ ಬೀದಿಯ ಕೆಂಪು ಗಾಡಿ ಹಿಡಿಯಬೇಕು. ಕಾಲುದಾರಿಗಳೂ ಹಾಗೆಯೇ: ಓಕ್ ಮರದ ಬೇರುಗಳು ಕಲ್ಲುಗಳನ್ನು ಎಬ್ಬಿಸಿ ಎಡವಿ ಬೀಳುವಂತೆ ಮಾಡಿವೆ. ಮಂಡಿನೋವಿನ ಅಮ್ಮನನ್ನು ಕರೆದೊಯ್ದರೆ ಕೈ ಹಿಡಿದೇ ನಡೆಯಬೇಕು.

ಬೌರ್ಬನ್ ಬೀದಿಯ ಹೆಸರು ಕೇಳಿ ಹೋಗುವವರು ಹೆಚ್ಚು. ಒಮ್ಮೆ ಹಾದುಬನ್ನಿ, ಸಾಕು. ನಿಯಾನ್ ದೀಪ, ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ, ಬೆಳಿಗ್ಗೆ ಬೀದಿ ತೊಳೆದ ನೀರಿನ ವಾಸನೆ. ಈ ಊರಿನಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ಬೀದಿಯಲ್ಲಿ ಕುಡಿಯುವುದು ಕಾನೂನುಬದ್ಧ, ಹಾಗಾಗಿ ಗದ್ದಲ ಬೀದಿಗೇ ಇಳಿದಿರುತ್ತದೆ. ನಿಜವಾದ ಸಂಗೀತ ಕ್ವಾರ್ಟರ್‌ನ ಅಂಚಿನ ಫ್ರೆಂಚ್‌ಮೆನ್ ಬೀದಿಯಲ್ಲಿದೆ. ಒಂದರ ಪಕ್ಕ ಒಂದು ಸಣ್ಣ ಕ್ಲಬ್‌ಗಳು, ಬಾಗಿಲಿನಿಂದ ಹೊರಗೆ ಬರುವ ಟ್ರಂಪೆಟ್, ಮೂಲೆಯಲ್ಲಿ ಟ್ಯೂಬಾ ಹೊತ್ತು ನಿಂತ ಹುಡುಗರ ಬ್ರಾಸ್ ಬ್ಯಾಂಡ್. ಕ್ಲಬ್ಬುಗಳ ಒಳಗೆ ಹೆಚ್ಚಾಗಿ 21 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ. ಮಕ್ಕಳಿದ್ದರೆ ಪ್ರಿಸರ್ವೇಷನ್ ಹಾಲ್ ಸರಿಯಾದ ಜಾಗ. 1961ರಲ್ಲಿ ಶುರುವಾದ ಈ ಪುಟ್ಟ ಕೋಣೆಯಲ್ಲಿ ಊಟವಿಲ್ಲ, ಕುಡಿತವಿಲ್ಲ, ಯಾವ ವಯಸ್ಸಿನವರೂ ಬರಬಹುದು. ಬೆಂಚಿನಲ್ಲೋ ನೆಲದ ಮೆತ್ತೆಯಲ್ಲೋ ಕುಳಿತು ಮುಕ್ಕಾಲು ಗಂಟೆ ಜಾಝ್ ಕೇಳುವುದು. ವಾದ್ಯಗಾರರ ಮೊಣಕಾಲಿಗೂ ಮುಂದಿನ ಸಾಲಿನವರಿಗೂ ನಡುವೆ ಒಂದು ಮೊಳ ಜಾಗವಿದ್ದರೆ ಹೆಚ್ಚು.

ಬೆಳಿಗ್ಗೆ 1862ರ ಕೆಫೆ ದು ಮೋಂಡ್. ತಟ್ಟೆಗೆ ಮೂರು ಬೆನ್ಯೇ ಎಂಬ ಕರಿದ ಹಿಟ್ಟಿನ ತಿಂಡಿ, ಅವುಗಳ ಮೇಲೆ ಗುಡ್ಡೆಯಾಗಿ ಸಕ್ಕರೆ ಪುಡಿ. ತಿನ್ನುವಾಗ ಉಸಿರು ಬಿಟ್ಟರೆ ಎದುರಿನವರ ಅಂಗಿ ಬೆಳ್ಳಗಾಗುತ್ತದೆ. ಜೊತೆಗೆ ಕೊಡುವ ಹಾಲಿನ ಕಾಫಿಯಲ್ಲಿ ಚಿಕೋರಿ ಇದೆ. ಅಮೆರಿಕದ ನೀರು ಕಾಫಿಯಿಂದ ಬೇಸತ್ತ ಹಿರಿಯರಿಗೆ ಆ ಒಂದು ಲೋಟ ಇಡೀ ಪ್ರವಾಸವನ್ನು ಗೆದ್ದುಕೊಡುತ್ತದೆ. ಉಳಿದ ಊಟದಲ್ಲಿ ಸಸ್ಯಾಹಾರಿಗಳಿಗೆ ನಾಲ್ಕು ಊರುಗಳಲ್ಲಿ ಇದೇ ಕಷ್ಟದ್ದು. ಗಂಬೋ ಎಂಬ ಗಟ್ಟಿ ಸಾರು, ಜಂಬಲಾಯ ಎಂಬ ಮಸಾಲೆ ಅನ್ನ, ಕೆಂಪುಕಾಳಿನ ಅನ್ನ, ಎಲ್ಲದರಲ್ಲೂ ಮಾಂಸ ಅಥವಾ ಸೀಗಡಿ. ಮಾಂಸಾಹಾರಿಗಳಿಗಾದರೆ ಇದಕ್ಕಿಂತ ರುಚಿಯಾದ ಊರು ಈ ದೇಶದಲ್ಲಿ ಇನ್ನೊಂದಿದೆ ಎಂದು ನನಗನಿಸುವುದಿಲ್ಲ.

ಇತಿಹಾಸಕ್ಕೆ ಎರಡು ಜಾಗ. ಲೂಯಿ ಆರ್ಮ್‌ಸ್ಟ್ರಾಂಗ್ ಉದ್ಯಾನದೊಳಗಿನ ಕಾಂಗೋ ಚೌಕದಲ್ಲಿ ಗುಲಾಮರು ಭಾನುವಾರಗಳಂದು ಸೇರಿ ಆಫ್ರಿಕಾದ ಡೋಲು ಬಾರಿಸಿ ಕುಣಿಯುತ್ತಿದ್ದರು. ಜಾಝ್‌ನ ಬೇರು ಹುಡುಕುವವರು ಬಂದು ನಿಲ್ಲುವುದು ಅಲ್ಲೇ. ಪ್ರವೇಶ ಉಚಿತ, ಹಗಲಿನಲ್ಲಿ ಹೋಗುವುದು ಒಳ್ಳೆಯದು. ಎರಡನೆಯದು ಒಂದು ಗಂಟೆ ದೂರದ ವಿಟ್ನಿ ಪ್ಲಾಂಟೇಷನ್. ನದಿಯುದ್ದಕ್ಕೂ ಇರುವ ಬೇರೆ ತೋಟದ ಬಂಗಲೆಗಳು ಒಡೆಯರ ಪೀಠೋಪಕರಣ ತೋರಿಸುತ್ತವೆ. 2014ರಲ್ಲಿ ತೆರೆದ ಇದು ಗುಲಾಮರ ಹೆಸರುಗಳನ್ನು, ಅವರದೇ ಮಾತುಗಳನ್ನು ಮುಂದಿಡುತ್ತದೆ. ಅರ್ಧ ದಿನ ಹೋಗುತ್ತದೆ, ಹೋಗಲಿ.

ಕಾಲ ನೋಡಿ ಹೋಗಬೇಕಾದ ಊರು ಕೂಡ ಇದೇ. ಈಸ್ಟರ್‌ಗೆ 47 ದಿನ ಮೊದಲು ಬರುವ ಮಾರ್ಡಿ ಗ್ರಾ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಜಾಝ್ ಫೆಸ್ಟ್, ಈ ಹೊತ್ತಿನಲ್ಲಿ ಬಾಡಿಗೆ ಮುಗಿಲು ಮುಟ್ಟುತ್ತದೆ. ಏಪ್ರಿಲ್‌ನ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್‌ಗೆ ಟಿಕೆಟ್ ಇಲ್ಲ, ಬೀದಿಬೀದಿಯಲ್ಲೂ ವೇದಿಕೆ. ಸಂಗೀತಪ್ರಿಯರಿಗೆ ನಾನು ಹೇಳುವ ವಾರಾಂತ್ಯ ಅದು. ಜುಲೈ, ಆಗಸ್ಟ್‌ನಲ್ಲಿ ಒಳ್ಳೆಯ ಹೋಟೆಲುಗಳೂ ಅಗ್ಗವಾಗುತ್ತವೆ. ಸೆಖೆ ಸಹಿಸುವವರಿಗೆ, ಕೈ ಬಿಗಿಯಿರುವವರಿಗೆ ಅದೇ ಅವಕಾಶ. ಮಧ್ಯಾಹ್ನವನ್ನು ಎರಡನೇ ಮಹಾಯುದ್ಧದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಎಸಿಯೊಳಗೆ ಕಳೆದರೆ ಸಂಜೆ ಹಗುರವಾಗುತ್ತದೆ. 2005ರ ಕತ್ರೀನಾ, 2021ರ ಐಡಾ ಚಂಡಮಾರುತಗಳೆರಡೂ ಅಪ್ಪಳಿಸಿದ್ದು ಆಗಸ್ಟ್ 29ರಂದು ಎಂಬುದನ್ನು ಮಾತ್ರ ಮರೆಯಬೇಡಿ.

ದೂರ: ಹ್ಯೂಸ್ಟನ್‌ನಿಂದ ಸುಮಾರು 350 ಮೈಲಿ, ಅಟ್ಲಾಂಟಾದಿಂದ 470. ಎರಡು ರಾತ್ರಿಗೆ ಅಟ್ಲಾಂಟಾದವರು ಕಾರಿನಲ್ಲಿ ಹೋಗಬೇಡಿ, ವಿಮಾನ ಹಿಡಿಯಿರಿ. ಅಲ್ಲಿ ಹೇಗೂ ಕಾರು ಬೇಡ.

ನ್ಯಾಶ್‌ವಿಲ್: ಎಲ್ಲರಿಗೂ ಏನಾದರೊಂದು, ಬೆಲೆ ಮಾತ್ರ ಬಿಗಿ

ಟೆನೆಸ್ಸಿಯ ರಾಜಧಾನಿ, ಕಂಟ್ರಿ ಸಂಗೀತದ ತವರು. ಅಟ್ಲಾಂಟಾದಿಂದ 250 ಮೈಲಿ, ನಾಲ್ಕು ಗಂಟೆಯ ದಾರಿ. ಅಟ್ಲಾಂಟಾ ಕಡೆಯವರಿಗೆ ಹೋಗುವಾಗ ಒಂದು ಗಂಟೆ ಲಾಭ, ಏಕೆಂದರೆ ಕಾಲವಲಯ ಬದಲಾಗುತ್ತದೆ. ಭಾನುವಾರ ಹಿಂದಿರುಗುವಾಗ ಅದೇ ಒಂದು ಗಂಟೆ ಕೈ ತಪ್ಪುತ್ತದೆ, ಹೊರಡುವ ವೇಳೆಯನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಲೋವರ್ ಬ್ರಾಡ್‌ವೇ ಎಂಬ ಕೆಲವೇ ಬ್ಲಾಕ್‌ಗಳ ಬೀದಿಯಲ್ಲಿ ಹಗಲಿನಿಂದ ನಡುರಾತ್ರಿಯವರೆಗೆ ಪ್ರತಿ ಕಟ್ಟಡದಲ್ಲೂ ಬ್ಯಾಂಡ್ ಹಾಡುತ್ತಿರುತ್ತದೆ. ಸಾಮಾನ್ಯವಾಗಿ ಪ್ರವೇಶ ಶುಲ್ಕವಿಲ್ಲ. ಹಾಡುವವರ ಹೊಟ್ಟೆಪಾಡು ಬಹುಮಟ್ಟಿಗೆ ವೇದಿಕೆಯ ಮುಂದಿಟ್ಟ ಬಕೆಟ್ಟಿನ ಮೇಲೆ ನಿಂತಿದೆ; ನಾಲ್ಕು ಹಾಡು ಕೇಳಿದರೆ ಧಾರಾಳವಾಗಿ ಹಾಕಿ. ಹಗಲು ಮಕ್ಕಳನ್ನು ಬಿಡುವ ಕಡೆಯೂ ಸಂಜೆಯಾಗುತ್ತಲೇ 21ರ ಕೆಳಗಿನವರಿಗೆ ಬಾಗಿಲು ಮುಚ್ಚುತ್ತದೆ. ಊರಿನಿಂದ ಬಂದ ಅಪ್ಪನಿಗೆ ಎಪ್ಪತ್ತಾಗಿದ್ದರೂ ಬಾಗಿಲಲ್ಲಿ ಗುರುತಿನ ಚೀಟಿ ಕೇಳಬಹುದು, ಪಾಸ್‌ಪೋರ್ಟ್ ಜೊತೆಗಿರಲಿ. ವಾರಾಂತ್ಯದಲ್ಲಿ ಈ ಬೀದಿ ಮದುವೆಗೆ ಮುಂಚಿನ ಪಾರ್ಟಿಗಾಗಿ ಬಂದ ಗುಂಪುಗಳಿಂದ ತುಂಬಿರುತ್ತದೆ. ಸ್ನೇಹಿತರ ತಂಡಕ್ಕೆ ಇದು ಸ್ವರ್ಗ, ಶಾಂತವಾಗಿ ಹಾಡು ಕೇಳಬಯಸುವವರಿಗೆ ತಲೆನೋವು.

ಶಾಂತವಾಗಿ ಕೇಳಲು ಎರಡು ದಾರಿಗಳಿವೆ. ಒಂದು, 1892ರ ರೈಮನ್ ಸಭಾಂಗಣ. ಮೊದಲು ಅದು ಧಾರ್ಮಿಕ ಸಭೆಗಳ ಮಂದಿರವಾಗಿತ್ತು, ಇಂದಿಗೂ ಕೂರುವುದು ಚರ್ಚಿನ ಮರದ ಬೆಂಚುಗಳಲ್ಲೇ. 1925ರಲ್ಲಿ ರೇಡಿಯೊ ಕಾರ್ಯಕ್ರಮವಾಗಿ ಶುರುವಾದ ಗ್ರ್ಯಾಂಡ್ ಓಲ್ ಆಪ್ರಿ 1943ರಿಂದ 1974ರವರೆಗೆ ಇಲ್ಲೇ ನಡೆಯಿತು. ನಂತರ ಊರ ಹೊರಗಿನ ಹೊಸ ಕಟ್ಟಡಕ್ಕೆ ಹೋಗುವಾಗ ರೈಮನ್‌ನ ವೇದಿಕೆಯಿಂದ ವೃತ್ತಾಕಾರದ ಹಲಗೆಯೊಂದನ್ನು ಕತ್ತರಿಸಿ ತೆಗೆದುಕೊಂಡು ಹೋಗಿ ಅಲ್ಲಿ ಕೂರಿಸಿದರು. ಇಂದಿಗೂ ಗಾಯಕರು ಆ ವೃತ್ತದ ಮೇಲೆ ನಿಂತೇ ಹಾಡುತ್ತಾರೆ. ಸುತ್ತಲಿನ ಹೊಸ ಮರಕ್ಕೂ ಇದಕ್ಕೂ ಇರುವ ಬಣ್ಣದ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ. ಕಂಟ್ರಿ ಸಂಗೀತದ ಪರಿಚಯವೇ ಇಲ್ಲದ ಹಿರಿಯರಿಗೂ ಆಪ್ರಿ ಹಿಡಿಸುತ್ತದೆ, ಏಕೆಂದರೆ ಒಬ್ಬೊಬ್ಬರೂ ಎರಡು ಮೂರು ಹಾಡು ಹಾಡಿ ಇಳಿಯುತ್ತಾರೆ. ಇನ್ನೊಂದು ದಾರಿ ಬ್ಲೂಬರ್ಡ್ ಕೆಫೆ. 1982ರಿಂದ ಇರುವ, ತೊಂಬತ್ತರ ಆಸುಪಾಸು ಆಸನಗಳ ಜಾಗ. ಹಾಡು ಬರೆದವರೇ ಕೋಣೆಯ ನಡುವೆ ಸುತ್ತ ಕುಳಿತು ಹಾಡುತ್ತಾರೆ, ಮಾತಾಡಿದರೆ ಸುಮ್ಮನಿರಿ ಎನ್ನುತ್ತಾರೆ. ಟಿಕೆಟ್ ಸಿಗುವುದು ಕಷ್ಟ. ಸಿಕ್ಕಿದರೆ ಉಳಿದ ಯೋಜನೆಯನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ನನಗೆ ಈ ಊರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಪ್ರವಾಸಿಗರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಪೇಟೆಯ ನಡುವಿನ ಸಾರ್ವಜನಿಕ ಗ್ರಂಥಾಲಯದೊಳಗಿನ ನಾಗರಿಕ ಹಕ್ಕುಗಳ ಕೊಠಡಿ. ಜೇಮ್ಸ್ ಲಾಸನ್ ಎಂಬ ಯುವಕ 1953ರಿಂದ 1956ರವರೆಗೆ ನಾಗಪುರದಲ್ಲಿದ್ದು ಗಾಂಧಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ, ಮರಳಿ ಬಂದು ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಅಹಿಂಸೆಯ ತರಬೇತಿ ಕೊಟ್ಟ. ಬೈಗುಳ, ಉಗುಳು, ಹೊಡೆತ ಬಿದ್ದಾಗ ಹೇಗೆ ಕುಳಿತಿರಬೇಕು ಎಂಬುದನ್ನು ಅವರು ಒಬ್ಬರ ಮೇಲೊಬ್ಬರು ಅಭಿನಯಿಸಿ ಕಲಿತರು. 1960ರ ಫೆಬ್ರವರಿಯಲ್ಲಿ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರ್‌ಗಳಲ್ಲಿ ಹೋಗಿ ಕುಳಿತರು. ಮೇ ತಿಂಗಳಲ್ಲಿ ಆ ಕೌಂಟರ್‌ಗಳು ಎಲ್ಲರಿಗೂ ತೆರೆದವು. ಕೊಠಡಿಯಲ್ಲಿ ಅಂಥದೇ ದುಂಡನೆಯ ಕೌಂಟರ್ ಇದೆ, ಅದರ ಮೇಲೆ ಆ ವಿದ್ಯಾರ್ಥಿಗಳು ಪಾಲಿಸಿದ ನಿಯಮಗಳನ್ನು ಕೆತ್ತಿದ್ದಾರೆ. ಎತ್ತರದ ಸ್ಟೂಲಿನಲ್ಲಿ ಕುಳಿತು ಓದಬಹುದು. ಪ್ರವೇಶ ಉಚಿತ. ಭಾರತದಿಂದ ಹೋದ ಯಾರೇ ಆಗಲಿ ಇದನ್ನು ನೋಡದೆ ಬರಬಾರದು.

ಮಕ್ಕಳಿಗೆ ಸೆಂಟೆನಿಯಲ್ ಪಾರ್ಕ್‌ನ ಪಾರ್ಥೆನಾನ್ ಇದೆ. 1897ರ ವಸ್ತುಪ್ರದರ್ಶನಕ್ಕಾಗಿ ಗ್ರೀಸಿನ ದೇವಾಲಯದ ಅಳತೆಯಲ್ಲೇ ಎಬ್ಬಿಸಿ, ಮುಂದೆ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದ ಕಟ್ಟಡ, ಒಳಗೆ 42 ಅಡಿಯ ಅಥೀನಾ ದೇವಿಯ ಮೂರ್ತಿ. ಆದರೆ ಅದು ಪೇಟೆಯಿಂದ ನಡೆಯುವಷ್ಟು ಹತ್ತಿರವಿಲ್ಲ, ಆಪ್ರಿ ಇನ್ನೂ ದೂರ. ನ್ಯಾಶ್‌ವಿಲ್‌ನಲ್ಲಿ ಕೀಲಿಯನ್ನು ಪೂರ್ತಿ ಕೆಳಗಿಡಲಾಗದು ಎಂಬುದೇ ಅದರ ಕೊರತೆ. ಬದಲಿಗೆ ಸಸ್ಯಾಹಾರಿಗಳಿಗೆ ಇದು ಸಲೀಸು. ಭಾರತೀಯರ ಸಂಖ್ಯೆ ಹೆಚ್ಚು, ಹೊರವಲಯದಲ್ಲಿ ಭಾರತೀಯ ಹೋಟೆಲುಗಳಿವೆ, ಬೆಲ್‌ವ್ಯೂ ಕಡೆ ಶ್ರೀ ಗಣೇಶ ದೇವಸ್ಥಾನವಿದೆ. ಅಪ್ಪ, ಅಮ್ಮನೊಂದಿಗೆ ಹೋಗುವವರು ಶನಿವಾರದ ಬೆಳಿಗ್ಗೆ ಅಲ್ಲಿ ಕಳೆದು ಸಂಜೆ ಆಪ್ರಿಗೆ ಹೋದರೆ ಎಲ್ಲರಿಗೂ ಸಮಾಧಾನ.

ಹಣದ ಮಾತು: ಪೇಟೆಯ ಹೋಟೆಲುಗಳಲ್ಲಿ ಶುಕ್ರವಾರ, ಶನಿವಾರ ಬಾಡಿಗೆ 300 ಡಾಲರ್ ದಾಟುವುದು ಮಾಮೂಲು. ಭಾನುವಾರ ರಾತ್ರಿ ಅದೇ ಕೋಣೆ ಬಹಳ ಇಳಿಯುತ್ತದೆ. ಸೋಮವಾರ ರಜೆ ಹಾಕಬಲ್ಲವರು ಶನಿವಾರ ಹೊರಟು ಸೋಮವಾರ ಹಿಂದಿರುಗಿದರೆ ಹಣವೂ ಉಳಿಯುತ್ತದೆ, ಬೀದಿಯೂ ಸ್ವಲ್ಪ ಉಸಿರಾಡುತ್ತದೆ. ಬ್ಯಾಂಡ್‌ಗಳು ವಾರದ ಏಳೂ ದಿನ ಹಾಡುತ್ತವೆ.

ಸವಾನ್ನಾ: ಚೌಕದಿಂದ ಚೌಕಕ್ಕೆ

ಕುಟುಂಬದವರು ಕೇಳಿದಾಗ ನಾನು ಮೊದಲು ಹೇಳುವ ಹೆಸರು ಇದು. 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಚೌಕಗಳ ಸುತ್ತ ಊರನ್ನು ಹಂಚಿದ. 24 ಚೌಕಗಳಲ್ಲಿ 22 ಇಂದಿಗೂ ಉಳಿದಿವೆ. ಎರಡು ಮೂರು ನಿಮಿಷ ನಡೆದರೆ ಒಂದು ಚೌಕ, ಬೆಂಚು, ಓಕ್ ಮರದ ನೆರಳು, ಕೊಂಬೆಗಳಿಂದ ಇಳಿಬಿದ್ದ ಬೂದುಬಣ್ಣದ ಸ್ಪ್ಯಾನಿಷ್ ಮಾಸ್. ವಯಸ್ಸಾದವರು ಮುಂದಿನ ಬೆಂಚಿನವರೆಗೆ ಮಾತ್ರ ನಡೆದರೆ ಸಾಕು ಎಂಬಂತೆ ರೂಪುಗೊಂಡ ಊರು ಇಡೀ ದಕ್ಷಿಣದಲ್ಲಿ ಇದೊಂದೇ. ಸುತ್ತಾಡಲು ಉಚಿತ ಬಸ್ ಇದೆ, ನದಿ ದಾಟಲು ಉಚಿತ ದೋಣಿ ಇದೆ. ಅಂತರ್ಯುದ್ಧದ ಹೊತ್ತಿನಲ್ಲಿ, 1864ರ ಡಿಸೆಂಬರ್‌ನಲ್ಲಿ, ಉತ್ತರದ ಸೇನೆಯ ಜನರಲ್ ಶೆರ್ಮನ್ ಈ ಊರನ್ನು ಸುಡದೆ, ಲಿಂಕನ್‌ಗೆ ಕ್ರಿಸ್‌ಮಸ್ ಉಡುಗೊರೆ ಎಂದು ತಂತಿ ಕಳುಹಿಸಿದ. ಹಾಗಾಗಿ ಹಳೆಯ ಮನೆಗಳು ಹಾಗೆಯೇ ನಿಂತಿವೆ.

ನದಿದಂಡೆಯ ರಿವರ್ ಸ್ಟ್ರೀಟ್‌ನಲ್ಲಿ ಐಸ್‌ಕ್ರೀಮ್ ಹಿಡಿದು ನಿಂತ ಮಕ್ಕಳೆದುರು ಕಂಟೇನರ್ ಹೊತ್ತ ಹಡಗು ಹಾದುಹೋಗುವುದನ್ನು ನೋಡಬೇಕು. ಬೀದಿಯ ಕಟ್ಟಡಗಳಿಗಿಂತ ಎತ್ತರ, ಸದ್ದೇ ಇಲ್ಲದಂತೆ ಬರುತ್ತದೆ, ಒಂದೆರಡು ನಿಮಿಷ ಆಚೆ ದಡವೇ ಕಾಣದು. ಆ ಬೀದಿಗೆ ಇಳಿಯುವ ಹಳೆಯ ಕಲ್ಲುಮೆಟ್ಟಿಲುಗಳು ಮಾತ್ರ ಕಡಿದು, ಒಂದರಂತೆ ಒಂದಿಲ್ಲ. ಹಿರಿಯರಿದ್ದರೆ ಲಿಫ್ಟ್ ಕೇಳಿಕೊಂಡು ಇಳಿಸಿ.

ಗುಲಾಮರೇ ಕಟ್ಟಿದ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚ್‌ನ ಕೆಳಮಾಳಿಗೆಯ ಮರದ ನೆಲದಲ್ಲಿ ವಜ್ರಾಕಾರವಾಗಿ ಕೊರೆದ ಸಣ್ಣ ರಂಧ್ರಗಳಿವೆ. ನೆಲದ ಕೆಳಗೆ ಅಡಗಿದ್ದ, ಓಡಿಬಂದ ಗುಲಾಮರು ಉಸಿರಾಡಲು ಅವು ಎಂದು ಚರ್ಚಿನವರು ಹೇಳುತ್ತಾರೆ. ಭೇಟಿಯ ವೇಳೆ ಸೀಮಿತ, ಮೊದಲೇ ನೋಡಿಕೊಳ್ಳಿ.

18 ಮೈಲಿ ದೂರದ ಟೈಬೀ ದ್ವೀಪದಲ್ಲಿ ಸಮುದ್ರ, ದೀಪಸ್ತಂಭ. ಅದಕ್ಕೆ ಕಾರು ಬೇಕು. ಸಂಗೀತ, ರಾತ್ರಿಯ ಗೌಜು ಇಲ್ಲಿ ಕಡಿಮೆ. ಇಪ್ಪತ್ತೈದರ ಹುಡುಗರಿಗೆ ಎರಡನೇ ರಾತ್ರಿ ಬೇಸರವಾಗಬಹುದು. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ ಮಾತ್ರ ಇದಕ್ಕೆ ಪೂರ್ತಿ ವಿರುದ್ಧ: ಊರು ತುಂಬಿ ಹೊರಳಲೂ ಜಾಗವಿರುವುದಿಲ್ಲ. ಬಾಡಿಗೆ ಚಾರ್ಲ್‌ಸ್ಟನ್‌ಗಿಂತ ಸಾಮಾನ್ಯವಾಗಿ ಕಡಿಮೆ. ಅಟ್ಲಾಂಟಾದಿಂದಲೂ ಶಾರ್ಲಟ್‌ನಿಂದಲೂ ಸುಮಾರು 250 ಮೈಲಿ.

ಚಾರ್ಲ್‌ಸ್ಟನ್: ಅತ್ಯಂತ ಸುಂದರ, ಅತ್ಯಂತ ದುಬಾರಿ

ಶಾರ್ಲಟ್‌ನವರಿಗೆ ಮೂರೂವರೆ ಗಂಟೆಯ ದಾರಿ. ರೇನ್‌ಬೋ ರೋನ ಬಣ್ಣದ ಮನೆಗಳು, ‘ಬ್ಯಾಟರಿ’ ಎಂಬ ಕಡಲಂಚಿನಲ್ಲಿ ನಡಿಗೆ, 2005ರ ರೇವನೆಲ್ ಸೇತುವೆಯ ಪಾದಚಾರಿ ದಾರಿ, 1861ರ ಏಪ್ರಿಲ್ 12ರಂದು ಅಂತರ್ಯುದ್ಧದ ಮೊದಲ ಗುಂಡು ಬಿದ್ದ ಸಮ್ಟರ್ ಕೋಟೆಗೆ ದೋಣಿ. ದಂಪತಿಗಳಿಗೆ, ಒಳ್ಳೆಯ ಊಟಕ್ಕೆ ಹಣ ಕೊಡಲು ಸಿದ್ಧವಿರುವವರಿಗೆ ಇದೇ ಊರು. ಮೀನು, ಸೀಗಡಿ ತಿನ್ನುವವರಿಗೆ ಹಬ್ಬ. ವಸಂತದಲ್ಲಿ ಹಳೆಯ ಪೇಟೆಯೊಳಗೆ ಕೋಣೆ ಸಿಕ್ಕರೂ 300, 400 ಡಾಲರ್‌ಗೆ ಸಿದ್ಧರಿರಬೇಕು. ಮೇ ಕೊನೆಯಿಂದ ಜೂನ್‌ವರೆಗಿನ ಸ್ಪೊಲೆಟೊ ಉತ್ಸವದಲ್ಲಿ ಇನ್ನೂ ಕಷ್ಟ. ಸೇತುವೆಯಾಚೆಯ ಮೌಂಟ್ ಪ್ಲೆಸೆಂಟ್‌ನಲ್ಲಿ ಉಳಿದರೆ ಬಾಡಿಗೆ ಇಳಿಯುತ್ತದೆ, ಆದರೆ ಕೀಲಿ ಮತ್ತೆ ಕೈಗೆ ಬರುತ್ತದೆ. ಇನ್ನೊಂದು ಎಚ್ಚರಿಕೆ: ಸಮುದ್ರದ ಭರತ ಜೋರಾಗಿದ್ದಾಗ ಮಳೆಯಿಲ್ಲದೆಯೂ ತಗ್ಗಿನ ಬೀದಿಗಳಲ್ಲಿ ನೀರು ನಿಲ್ಲುತ್ತದೆ.

ಈ ಊರಿಗೆ ಹೋಗಲು ಬೇರೆಲ್ಲ ಕಾರಣಗಳಿಗಿಂತ ದೊಡ್ಡ ಕಾರಣ 2023ರ ಜೂನ್‌ನಲ್ಲಿ ತೆರೆದ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ. ಆಫ್ರಿಕಾದಿಂದ ತಂದವರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡೆನ್ ಹಡಗುಕಟ್ಟೆಯ ಮೇಲೇ ಅದನ್ನು ಕಟ್ಟಿದ್ದಾರೆ. ಆ ನೆಲವನ್ನು ಮುಚ್ಚಬಾರದೆಂದು ಇಡೀ ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಕೆಳಗೆ ನೆಲಹಾಸಿನಲ್ಲಿ ಹಡಗಿನೊಳಗೆ ಒತ್ತೊತ್ತಾಗಿ ಮಲಗಿಸಿದ ಮನುಷ್ಯರ ಆಕಾರಗಳು. ತೆಳ್ಳನೆಯ ನೀರು ಬಂದು ಅವುಗಳನ್ನು ಮುಚ್ಚುತ್ತದೆ, ಇಳಿಯುತ್ತದೆ, ಮತ್ತೆ ಮುಚ್ಚುತ್ತದೆ. ಒಳಗೆ ಭತ್ತದ ಕಥೆಯೂ ಇದೆ. ಈ ಊರಿರುವ ಕೆರೊಲಿನಾದ ಶ್ರೀಮಂತಿಕೆ ಭತ್ತದಿಂದ ಬಂತು, ಗದ್ದೆಯ ವಿದ್ಯೆ ಪಶ್ಚಿಮ ಆಫ್ರಿಕಾದವರದು, ಬೆವರೂ ಅವರದೇ. ಅನ್ನ ಉಣ್ಣುವ ನಾಡಿನವರಾದ ನಮಗೆ ಆ ವಿಭಾಗ ಬೇರೆಯದೇ ರೀತಿಯಲ್ಲಿ ತಟ್ಟುತ್ತದೆ.

ಸವಾನ್ನಾಕ್ಕೂ ಇದಕ್ಕೂ ನಡುವೆ ಎರಡು ಗಂಟೆಯ ದಾರಿ. ‘ಎರಡನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸೋಣ’ ಎನ್ನುವವರಿಗೆ ನನ್ನ ಸಲಹೆ: ಮೂರು ರಾತ್ರಿ ಇಲ್ಲದಿದ್ದರೆ ಬೇಡ.

ಪಟ್ಟಿಯ ಹೊರಗಿನ ಎರಡು

ಮೆಂಫಿಸ್‌ಗೆ ಒಂದು ದಿನ ಸಾಕು, ಬಾಡಿಗೆಯೂ ಕಡಿಮೆ. ಬೀಲ್ ಸ್ಟ್ರೀಟ್‌ನ ಬ್ಲೂಸ್ ಚೆನ್ನ. ಆದರೆ ಹೋಗಬೇಕಾದದ್ದು ಲೊರೇನ್ ಮೋಟೆಲ್‌ಗೆ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಿದ್ದ ಜಾಗ, 1991ರಿಂದ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯ. 306ನೇ ಕೋಣೆಯ ಮುಂದಿನ ಮೊಗಸಾಲೆಯ ಕಂಬಿಗೆ ಹೂಚಕ್ರ ಕಟ್ಟಿರುತ್ತಾರೆ. ನ್ಯಾಶ್‌ವಿಲ್‌ನಿಂದ 210 ಮೈಲಿ, ಮೂರು ರಾತ್ರಿ ಇರುವವರು ಸೇರಿಸಿಕೊಳ್ಳಬಹುದು. ಟೆಕ್ಸಾಸ್‌ನವರಿಗೆ ಆಸ್ಟಿನ್ ಹತ್ತಿರ: ಕಾಂಗ್ರೆಸ್ ಅವೆನ್ಯೂ ಸೇತುವೆಯಡಿಯಿಂದ ಬೇಸಿಗೆಯ ಮುಸ್ಸಂಜೆ ಏಳುವ ಲಕ್ಷಗಟ್ಟಲೆ ಬಾವಲಿಗಳು, ವರ್ಷವಿಡೀ ತಣ್ಣಗಿರುವ ಬಾರ್ಟನ್ ಸ್ಪ್ರಿಂಗ್ಸ್ ಕೊಳ, ಸುಲಭವಾಗಿ ಸಿಗುವ ಸಸ್ಯಾಹಾರ. ಕಾರಿಲ್ಲದೆ ಮಾತ್ರ ಆಗದು.

ಈಗ ನಿಮ್ಮ ಮನೆಯ ಲೆಕ್ಕ

ಚಿಕ್ಕ ಮಕ್ಕಳು, ಹಿರಿಯರು ಇಬ್ಬರೂ ಇದ್ದರೆ ಸವಾನ್ನಾ. ಹಿರಿಯರು ಕಟ್ಟುನಿಟ್ಟಿನ ಸಸ್ಯಾಹಾರಿಗಳಾಗಿ, ಹೊರಗೆ ಹಣ್ಣು, ಬ್ರೆಡ್ಡಿನಲ್ಲಿ ದಿನ ನೂಕಲಾರದವರಾದರೆ ನ್ಯಾಶ್‌ವಿಲ್. ಹದಿಹರೆಯದ ಮಕ್ಕಳಿದ್ದು ಅವರು ಏನಾದರೂ ವಾದ್ಯ ನುಡಿಸುತ್ತಿದ್ದರೆ ಬೇರೆಲ್ಲ ಬಿಟ್ಟು ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಕ್ವಾರ್ಟರ್‌ನ ಸದ್ದಿನಿಂದ ದೂರ ಸೇಂಟ್ ಚಾರ್ಲ್ಸ್ ಸ್ಟ್ರೀಟ್‌ಕಾರ್ ಮಾರ್ಗದ ಬಳಿ ಕೋಣೆ ಹಿಡಿಯಿರಿ. ಮದುವೆಯ ವಾರ್ಷಿಕೋತ್ಸವಕ್ಕೆ, ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಇದ್ದರೆ, ಚಾರ್ಲ್‌ಸ್ಟನ್. ಸ್ನೇಹಿತರ ಗುಂಪಿಗೆ ನ್ಯಾಶ್‌ವಿಲ್ ಮತ್ತು ನ್ಯೂ ಆರ್ಲಿಯನ್ಸ್ ನಡುವೆ ನಿರ್ಧಾರ ಸುಲಭ: ಹಾಡಿಗೆ ದನಿಗೂಡಿಸಿ ಕುಣಿಯುವ ಆಸೆ ಇದ್ದರೆ ಮೊದಲನೆಯದು, ತಿನ್ನುವ ಆಸೆ ಹೆಚ್ಚಿದ್ದರೆ ಎರಡನೆಯದು. ಹಣ ಬಿಗಿಯಿದ್ದು ದಿನಾಂಕ ನಿಮ್ಮ ಕೈಯಲ್ಲಿದ್ದರೆ ಆಗಸ್ಟ್‌ನ ನ್ಯೂ ಆರ್ಲಿಯನ್ಸ್, ಇಲ್ಲವೇ ಚಳಿಗಾಲದ ಜನವರಿಯಲ್ಲಿ ಸವಾನ್ನಾ. ದಿನಾಂಕ ಬದಲಿಸಲಾಗದ ಲೇಬರ್ ಡೇ ಆದರೆ ಕರಾವಳಿಯ ಮೂರೂ ಊರುಗಳಿಗೆ ಚಂಡಮಾರುತದ ಭಯವಿರುತ್ತದೆ, ನ್ಯಾಶ್‌ವಿಲ್‌ಗೆ ಅಷ್ಟಿಲ್ಲ.

ಊರು ನಿಶ್ಚಯವಾದ ಮೇಲೆ ಆ ವಾರಾಂತ್ಯದಲ್ಲಿ ಅಲ್ಲಿ ಯಾವ ಉತ್ಸವ, ಮ್ಯಾರಥಾನ್, ಫುಟ್‌ಬಾಲ್ ಪಂದ್ಯವಿದೆ ಎಂದು ನೋಡಿ, ಆಮೇಲೆ ಹೋಟೆಲ್ ಕಾದಿರಿಸಿ. ಜೂನ್‌ನಿಂದ ನವೆಂಬರ್‌ವರೆಗೆ ಕರಾವಳಿಗೆ ಹೋಗುವವರು ಹತ್ತಿಪ್ಪತ್ತು ಡಾಲರ್ ಹೆಚ್ಚಾದರೂ ಹಣ ಮರಳಿ ಸಿಗುವ ದರವನ್ನೇ ಆರಿಸಿಕೊಳ್ಳಿ. ಆಪ್ರಿ, ಬ್ಲೂಬರ್ಡ್, ಪ್ರಿಸರ್ವೇಷನ್ ಹಾಲ್ ಟಿಕೆಟ್‌ಗಳನ್ನು ಹೋಟೆಲಿನ ಜೊತೆಗೇ ತೆಗೆದಿಡಿ, ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಂತರೆ ಸಿಗುವ ಭರವಸೆ ಇಲ್ಲ.